ಕಾಲಡಿ ಕುದಿಯೋ ನೀರು, ಮೈಮೇಲೆ ನಾಲ್ಕು ಸ್ವೆಟರು

ಮೊದಲೇ ಹೇಳ್ಬಿಡ್ತೀನಿ, ಬಿಸಿನೀರಿನ ಬುಗ್ಗೇಲಿ ಕುತ್ತಿಗೆವರೆಗೂ ಮುಳುಗಿ ಕೂತ್ಕೊಂಡು ಹಿಮದ ಬೆಟ್ಟ ನೋಡೋ ಫೋಟೋ ಈ ಪೋಸ್ಟಲ್ಲಿ ಸಿಗಲ್ಲ. ಅಂಥ ಫೋಟೋಗಳನ್ನ ನಂಬ್ಕೊಂಡೇ ನಾವೂ ಹೊರಟಿದ್ದು ಅನ್ನೋದು ಬೇರೆ ವಿಷಯ. ನಾನು, ಅಕ್ಕ, ಭಾವ, ಮೂರೇ ಜನ. ಜಾಗ ಲಡಾಖಿನ ಪುಗಾ ಕಣಿವೆ, ಸೆಪ್ಟೆಂಬರ್ ಎರಡನೇ ವಾರ, ಎರಡು ರಾತ್ರಿ ಟೆಂಟಲ್ಲಿ. ಅಕ್ಕ ಸ್ವಿಮ್ಮಿಂಗ್ ಡ್ರೆಸ್ಸು, ದೊಡ್ಡ ಟವೆಲ್ಲು ಎಲ್ಲಾ ತಂದಿದ್ಲು, ಆ ಡ್ರೆಸ್ಸು ಹೋದ ಮಡಿಕೇಲೇ ವಾಪಸ್ ಬಂತು, ಅದರ ಬಗ್ಗೆ ಭಾವಂಗೆ ಇವತ್ತಿಗೂ ಮಾತು ಬೀಳ್ತಾ ಇರುತ್ತೆ.

ಲೇಹ್‌ನಲ್ಲಿ ಮೂರು ದಿನ ಸುಮ್ನೆ ಬಿದ್ಕೊಂಡಿದ್ವಿ. ಸುಮ್ನೆ ಅಂದ್ರೆ ನಿಜವಾಗ್ಲೂ ಸುಮ್ನೆ, ಲೇಹ್ ಇರೋದೇ 3,500 ಮೀಟರ್ ಎತ್ತರದಲ್ಲಿ, ಪುಗಾ ಸುಮಾರು 4,400 ಮೀಟರ್, ನಮ್ಮ ಲೆಕ್ಕದಲ್ಲಿ ಹದಿನಾಲ್ಕು ಸಾವಿರ ಅಡಿ ಮೇಲೆ, ಸಮುದ್ರಮಟ್ಟದಲ್ಲಿ ಒಂದು ಉಸಿರಿಗೆ ಸಿಗೋ ಆಮ್ಲಜನಕದಲ್ಲಿ ಅಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತೆ ಅಷ್ಟೆ. ಫ್ಲೈಟ್ ಇಳಿದು ಮಾರನೇ ದಿನವೇ ಅಲ್ಲಿಗೆ ಹೋಗಿ ಮಲಗ್ತೀವಿ ಅನ್ನೋರು ದಯವಿಟ್ಟು ಬೇಡ. ಸ್ಟವ್‌ಗೆ ಗ್ಯಾಸ್ ಕ್ಯಾನ್ ವಿಮಾನದಲ್ಲಿ ತರಂಗಿಲ್ಲ, ಅದನ್ನ ಲೇಹ್‌ನಲ್ಲೇ ತಗೊಂಡ್ವಿ, ಟೆಂಟು ಸ್ಲೀಪಿಂಗ್ ಬ್ಯಾಗು ಬಾಡಿಗೆಗೆ ಸಿಕ್ತು, ಕುಡಿಯೋ ನೀರು ಎರಡು ದೊಡ್ಡ ಕ್ಯಾನಲ್ಲಿ ತುಂಬಿಸ್ಕೊಂಡ್ವಿ. ಬುಗ್ಗೆ ಇರೋ ಜಾಗಕ್ಕೆ ನೀರು ಹೊತ್ಕೊಂಡು ಹೋಗೋದಾ ಅಂತ ನಾನೇ ನಕ್ಕಿದ್ದೆ.

ದಾರಿ ಪೂರ್ತಿ ಸಿಂಧೂ ನದಿ ಪಕ್ಕದಲ್ಲೇ. ಉಪ್ಶಿ ದಾಟಿ, ಕಡಿದಾದ ಬಂಡೆ ಮಧ್ಯೆ ಸುತ್ತಿ ಸುತ್ತಿ ಚುಮಾಥಾಂಗ್ ಅನ್ನೋ ಊರು ಬರುತ್ತೆ, ನದಿ ದಡದಲ್ಲೇ ಹೊಗೆಯಾಡ್ತಾ ಇರೋ ಬುಗ್ಗೆಗಳು, ಆ ನೀರನ್ನೇ ಬಿಟ್ಟಿರೋ ಸ್ನಾನದ ಕೋಣೆಗಳು, ಊಟದ ಜಾಗ, ಎಲ್ಲಾ ಇದೆ. ಅಕ್ಕ "ಇಲ್ಲೇ ಇಳಿಯೋಣ" ಅಂದ್ಲು. ಭಾವ ಕೇಳ್ಬೇಕಲ್ಲ, "ಇದೆಲ್ಲಾ ಟೂರಿಸ್ಟ್ ಜಾಗ, ಅಸಲಿ ಮಾಲು ಮುಂದೆ ಇದೆ" ಅಂದ್ರು. ಮಾಹೆ ಸೇತುವೆ ಹತ್ರ ಸಿಂಧೂ ದಾಟಿ, ಸುಮ್ಡೋ ಅನ್ನೋ ಕಡೆ ದಾರಿ ಎರಡಾಗುತ್ತೆ, ಒಂದು ತ್ಸೋ ಮೊರಿರಿ ಸರೋವರಕ್ಕೆ, ಇನ್ನೊಂದು ಬಲಕ್ಕೆ ಪುಗಾಗೆ. ಲೇಹ್‌ನಿಂದ ಹತ್ತಿರ ಹತ್ತಿರ 180 ಕಿಲೋಮೀಟರ್. ಫೋನ್ ಸಿಗ್ನಲ್ ಎಲ್ಲಿ ಹೋಯ್ತು ಅಂತ ನಾನು ಗಮನಿಸ್ಲೇ ಇಲ್ಲ, ಗಮನಿಸಿದಾಗ ಅದು ಹೋಗಿ ತುಂಬಾ ಹೊತ್ತಾಗಿತ್ತು.

ಪುಗಾ ಮೊದಲು ಬರೋದು ಮೂಗಿಗೆ. ಕೊಳೆತ ಮೊಟ್ಟೆ ವಾಸನೆ, ಗಂಧಕದ್ದು. ಆಮೇಲೆ ಕಣ್ಣಿಗೆ ಉದ್ದಕ್ಕೆ ಹರಡಿದ ಚಪ್ಪಟೆ ಕಣಿವೆ, ಎರಡೂ ಕಡೆ ಬೋಳು ಬೆಟ್ಟ, ಮಧ್ಯೆ ಹಸಿರು ಹಳದಿ ಜೌಗು ಹುಲ್ಲು, ಅದರ ಮಧ್ಯೆ ಯಾರೋ ರಂಗೋಲಿ ಪುಡಿ ಡಬ್ಬ ಪೂರ್ತಿ ಚೆಲ್ಲಿದ ಹಾಗೆ ಬೆಳ್ಳಗಿನ ನೆಲ. ಆ ಬಿಳಿ ಬಹುಪಾಲು ಬೋರಾಕ್ಸ್, ನಮ್ಮ ಕಡೆ ಬಿಳಿಗಾರ ಅಂತಾರಲ್ಲ ಅದೇ. ಬಿಸಿನೀರು ಒಳಗಿಂದ ಕರಗಿಸ್ಕೊಂಡು ಬಂದಿದ್ದು, ನೀರು ಆರಿದ ಮೇಲೆ ನೆಲದ ಮೇಲೆ ಉಳ್ಕೊಂಡಿದ್ದು. ಅಲ್ಲಲ್ಲಿ ಹಬೆ. ಸಂಜೆ ಬಿಸಿಲು ಅಡ್ಡಡ್ಡ ಬಿದ್ದಾಗ ಆ ಹಬೆ ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ ಮೂವರೂ ಐದು ನಿಮಿಷ ಮಾತೇ ಆಡ್ಲಿಲ್ಲ, ಸ್ವಲ್ಪ ಚೆಂದಕ್ಕೆ, ಸ್ವಲ್ಪ ಉಸಿರು ಸಾಲದೆ.

ಕ್ಯಾಂಪ್ ಸೈಟ್ ಅಂತ ನಾನು ಕರೀತಿರೋದು ಗೌರವಕ್ಕೆ. ಒಂದು ಚಾಂಗ್ಪಾ ಕುಟುಂಬ, ಅಂದ್ರೆ ಪಶ್ಮೀನಾ ಮೇಕೆ ಸಾಕ್ಕೊಂಡು ಊರಿಂದೂರಿಗೆ ಹೋಗ್ತಾ ಇರೋ ಜನ, ಅವರದ್ದೊಂದು ಯಾಕ್ ಕೂದಲಿನ ಕಪ್ಪು ಟೆಂಟು, ಅದಕ್ಕೆ ರೆಬೋ ಅಂತಾರೆ, ಅದರಿಂದ ಒಂದು ಕಲ್ಲೆಸೆತ ದೂರದಲ್ಲಿ ಜಲ್ಲಿಕಲ್ಲಿನ ಒಣ ದಿಬ್ಬ, ಮೂರು ಕಡೆ ತಗಡು ಹೊಡೆದ ಒಂದು ಗುಂಡಿ ಕಕ್ಕಸು. ನಾಲ್ಕನೇ ಕಡೆ ಕಣಿವೆ. ಮುಗೀತು. ಕರೆಂಟಿಲ್ಲ, ನಲ್ಲಿ ಇಲ್ಲ, ಮರ ಅನ್ನೋದಂತೂ ಕಣ್ಣಳತೇಲಿ ಒಂದೂ ಇಲ್ಲ, ಹಾಗಾಗಿ ಸೌದೆ ಬೆಂಕಿ ಹಾಕ್ಕೊಂಡು ಗಿಟಾರು ಬಾರಿಸೋ ಆಸೆ ಇದ್ರೆ ಮನೇಲೇ ಬಿಟ್ಟು ಬನ್ನಿ. ನಮ್ಮ ಡ್ರೈವರನ್ನ ಅಚೋ ಅಂತ ಕರೀತಿದ್ವಿ, ಲಡಾಖಿಯಲ್ಲಿ ಅಣ್ಣ ಅಂತ. ಅಚೋ ಹೋಗಿ ಆ ಮನೆಯ ಅಜ್ಜಿ ಹತ್ರ, ಅವರು ಆಮಾ-ಲೇ, ಮಾತಾಡಿ, ಇಲ್ಲಿ ಹಾಕ್ಕೋಬಹುದು, ಹುಲ್ಲಿನ ಮೇಲೆ ಮಾತ್ರ ಬೇಡ, ಅದು ಮೇಕೆಗಳದ್ದು, ಅಂತ ಒಪ್ಪಿಗೆ ತಂದ.

ಇಲ್ಲಿ ಭಾವಂಗೆ ಒಂದು ಐಡಿಯಾ ಬಂತು. ಅವರಿಗೆ ಐಡಿಯಾ ಬಂದಾಗ ಮುಖದ ಮೇಲೇ ಗೊತ್ತಾಗುತ್ತೆ. ಬಿಳಿ ನೆಲದ ಕಡೆ ಹೋಗಿ ಅಂಗೈ ಇಟ್ಟು ನೋಡ್ಕೊಂಡು ಬಂದು, "ಲೋ, ನೆಲ ಬೆಚ್ಚಗಿದೆ ಕಣೋ, ಟೆಂಟ್ ಅಲ್ಲೇ ಹಾಕಿದ್ರೆ ರಾತ್ರಿಯೆಲ್ಲಾ ಹೀಟರ್ ಫ್ರೀ" ಅಂದ್ರು. ನಿಜ ಹೇಳ್ತೀನಿ, ಆ ಕ್ಷಣಕ್ಕೆ ನಂಗೂ ಸರಿ ಅನ್ನಿಸ್ತು. ಅಚೋ ಅಲ್ಲಿವರೆಗೂ ನಮ್ಮ ಜೊತೆ ಜೋರಾಗಿ ಮಾತಾಡಿದ್ದೇ ಇಲ್ಲ, ಆವಾಗ ಕೂಗಿದ. ಹಿಂದೀಲಿ ಅವನು ಹೇಳಿದ್ದರ ಸಾರ ಇಷ್ಟೇ, ಮೇಲಿರೋದು ಹಪ್ಪಳ, ಕೆಳಗಿರೋದು ಕುದಿಯೋ ಕೆಸರು, ಮೇಕೆಗೆ ಗೊತ್ತು, ನಿಮಗೆ ಗೊತ್ತಿಲ್ಲ. ಅದಲ್ದೆ ಅಂಥ ನೆಲದಿಂದ ಬರೋ ಹೈಡ್ರೋಜನ್ ಸಲ್ಫೈಡು, ಕಾರ್ಬನ್ ಡೈಆಕ್ಸೈಡು ಎರಡೂ ಗಾಳಿಗಿಂತ ಭಾರ, ತಗ್ಗಲ್ಲಿ ಕೂತ್ಕೊಳ್ತವೆ, ಗಾಳಿ ನಿಂತ ರಾತ್ರಿ ಜಿಪ್ ಎಳೆದ ಟೆಂಟಲ್ಲಿ ನೆಲಕ್ಕೆ ಮುಖ ಇಟ್ಟು ಮಲಗಿದೋರಿಗೆ ಅದು ಒಳ್ಳೇದಲ್ಲ. ಹೈಡ್ರೋಜನ್ ಸಲ್ಫೈಡಿನ ಇನ್ನೊಂದು ಕೆಟ್ಟ ಬುದ್ಧಿ ಅಂದ್ರೆ ಜಾಸ್ತಿ ಆದಾಗ ಮೂಗನ್ನೇ ಮರಗಟ್ಟಿಸುತ್ತೆ, ವಾಸನೆ ಹೋಯ್ತು ಅಂದ್ರೆ ಗ್ಯಾಸ್ ಹೋಯ್ತು ಅಂತಲ್ಲ. ಟೆಂಟು ಜಲ್ಲಿ ದಿಬ್ಬದ ಮೇಲೇ ಎದ್ದಿತು. ಗೂಟ ಇಳೀಲಿಲ್ಲ, ಕಲ್ಲಿಗೆ ಹಗ್ಗ ಕಟ್ಟಿದ್ವಿ.

ರಾತ್ರಿ ಅಡುಗೆ. ಅನ್ನ ಸಾರು ಅಂತ ಪ್ಲಾನು. ಎತ್ತರಕ್ಕೆ ಹೋದ ಹಾಗೆ ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ನೀರು ಕುದಿಯೋ ಬಿಂದು ಇಳಿಯುತ್ತೆ ಅಂತ ಸ್ಕೂಲಲ್ಲಿ ಓದಿದ್ದು ಯಾವುದಕ್ಕೂ ಉಪಯೋಗ ಬಂದಿರ್ಲಿಲ್ಲ, ಅವತ್ತು ಬಂತು. ಪುಗಾದಲ್ಲಿ ನೀರು 85 ಡಿಗ್ರಿ ಆಸುಪಾಸಿನಲ್ಲೇ ಕೊತಕೊತ ಅಂತ ಕುದಿಯೋಕೆ ಶುರು, ಅಲ್ಲಿಂದ ಮೇಲೆ ಎಷ್ಟೇ ಉರಿ ಕೊಟ್ಟರೂ ಬಿಸಿ ಏರಲ್ಲ. ಕುಕ್ಕರ್ ತಂದಿರ್ಲಿಲ್ಲ. ಮುಕ್ಕಾಲು ಗಂಟೆ ಕುದಿಸಿದ ಅಕ್ಕಿ ಹೊರಗೆ ಮುದ್ದೆ, ಒಳಗೆ ಸುಣ್ಣದ ಕಡ್ಡಿ. ಬೇಳೆ ಬಗ್ಗೆ ಕೇಳ್ಬೇಡಿ. ಕೊನೆಗೆ ನೂಡಲ್ಸ್ ತಿಂದು ಮಲಗಿದ್ವಿ, ಆ ಅರೆಬೆಂದ ಅನ್ನವನ್ನ ಅಕ್ಕ ಒಂದು ಡಬ್ಬಿಗೆ ಹಾಕಿ "ಬೆಳಿಗ್ಗೆ ನಿಮಗೇ" ಅಂತ ಭಾವನ ಕಡೆ ನೋಡಿದ್ಲು.

ಮೊದಲ ರಾತ್ರಿಯ ಚಳಿ ಬಗ್ಗೆ ಬರೀಬೇಕು ಅಂತಾನೇ ಈ ಪೋಸ್ಟ್ ಶುರು ಮಾಡಿದ್ದು. ಹಗಲು ಟೀ ಶರ್ಟಲ್ಲಿ ಓಡಾಡಿದ ಜಾಗ, ಸೂರ್ಯ ಬೆಟ್ಟದ ಹಿಂದೆ ಹೋದ ಹತ್ತು ನಿಮಿಷಕ್ಕೆ ಬೇರೇನೇ ದೇಶ. ಎರಡು ಥರ್ಮಲ್ಲು, ನಾಲ್ಕು ಸ್ವೆಟರು, ಒಂದು ಜಾಕೆಟ್ಟು, ಉಣ್ಣೆ ಟೋಪಿ, ಅದರ ಮೇಲೆ ಸ್ಲೀಪಿಂಗ್ ಬ್ಯಾಗು, ಆದ್ರೂ ನೆಲದಿಂದ ಬರೋ ಚಳಿ ಬೆನ್ನಿಗೆ ಐಸ್ ಗಡ್ಡೆ ಒತ್ತಿ ಹಿಡಿದ ಹಾಗೆ. ಮೇಲೆ ಹೊದ್ಕೊಳ್ಳೋದಕ್ಕಿಂತ ಕೆಳಗೆ ಹಾಸ್ಕೊಳ್ಳೋದು ಮುಖ್ಯ ಅಂತ ಬೆಳಗಿನ ಜಾವ ಎರಡು ಗಂಟೆಗೆ ಗೊತ್ತಾದ್ರೆ ಏನು ಪ್ರಯೋಜನ ಹೇಳಿ. ನಮ್ಮ ಉಸಿರೇ ಟೆಂಟಿನ ಒಳಮೈಗೆ ಅಂಟಿ ಮಂಜಾಗಿ, ಯಾರಾದ್ರೂ ಮಗ್ಗಲು ಬದಲಿಸಿದ್ರೆ ಮುಖದ ಮೇಲೆ ಪುಡಿಪುಡಿಯಾಗಿ ಉದುರ್ತಿತ್ತು. ಅರ್ಧ ಗಂಟೆ ನಿದ್ದೆ, ಆಮೇಲೆ ಯಾರೋ ಕತ್ತು ಹಿಸುಕಿದ ಹಾಗೆ ಉಸಿರಿಗೆ ತಡಕಾಡಿ ಏಳೋದು, ಎತ್ತರದಲ್ಲಿ ಇದು ಮಾಮೂಲು, ನಿದ್ದೇಲಿ ಉಸಿರಾಟದ ಲಯ ತಪ್ಪುತ್ತೆ, ಗೊತ್ತಿದ್ರೂ ಹೆದರಿಕೆ ಆಗುತ್ತೆ. ಹೊರಗೆ ಚಾಂಗ್ಪಾಗಳ ನಾಯಿ ಬೊಗಳ್ತಾನೇ ಇತ್ತು. ಇಷ್ಟೆಲ್ಲಾ ಆಗ್ತಾ ಇರೋವಾಗ, ಇನ್ನೂರು ಹೆಜ್ಜೆ ಆಚೆ ನೆಲದೊಳಗಿಂದ ಕುದಿಯೋ ನೀರು ರಾತ್ರಿಯಿಡೀ ಯಾರಿಗೂ ಬೇಡವಾಗಿ ಹರಿದು ಹೋಗ್ತಾ ಇದೆ ಅನ್ನೋದನ್ನ ನೆನೆಸ್ಕೊಂಡು ನನಗೆ ಬಂದ ಸಿಟ್ಟು ಇದೆಯಲ್ಲ!

ಬೆಳಿಗ್ಗೆ ಸ್ಟವ್ ಹತ್ತಲಿಲ್ಲ. ಕ್ಯಾನೊಳಗಿನ ಬ್ಯೂಟೇನ್ ಗ್ಯಾಸು ತೀರಾ ಚಳಿ ಆದ್ರೆ ಸರಿಯಾಗಿ ಆವಿಯಾಗೋಕೇ ಒಪ್ಪಲ್ಲ. ಭಾವ ಆ ಗ್ಯಾಸ್ ಕ್ಯಾನನ್ನ ಜಾಕೆಟ್ ಒಳಗೆ ಮಗು ತರ ಇಪ್ಪತ್ತು ನಿಮಿಷ ಅವಚ್ಕೊಂಡು ಕೂತ ಮೇಲೆ ಟೀ ಆಯ್ತು.

ಬಿಸಿಲು ಬಂದ ಮೇಲೆ ಅಚೋ ಮುಂದೆ, ಅವನ ಹೆಜ್ಜೆ ಮೇಲೇ ಹೆಜ್ಜೆ ಇಟ್ಕೊಂಡು ನಾವು ಹಿಂದೆ, ಬುಗ್ಗೆಗಳ ಹತ್ರ ಹೋದ್ವಿ. ಒಂದೆರಡಲ್ಲ, ಕಣಿವೆ ಉದ್ದಕ್ಕೂ ಚೆಲ್ಲಿವೆ. ಕೆಲವು ಸುಮ್ನೆ ಜಿನುಗ್ತವೆ, ಕೆಲವು ಗುಳುಗುಳು, ಒಂದಂತೂ ಬುಸ್ ಬುಸ್ ಅಂತ ಮೇಲಕ್ಕೆ ಚಿಮ್ತಿತ್ತು. ನೀರು ಹರಿಯೋ ದಾರೀಲಿ ಬಣ್ಣದ ಪಟ್ಟೆ, ಕಿತ್ತಳೆ, ಕಂದು, ಗಾಢ ಹಸಿರು, ಅದು ಪಾಚಿ ಅಂದ್ಕೊಂಡು ನಾನು ಕಾಲಿಡೋಕೆ ಹೋದೆ, ಅಚೋ ಕಾಲರ್ ಹಿಡಿದ. ಅವು ಬಿಸಿನೀರಲ್ಲೇ ಬದುಕೋ ಸೂಕ್ಷ್ಮಜೀವಿಗಳ ಹಾಸು, ನೀರು ತಣಿದಂತೆ ಬದುಕೋ ಜೀವಿ ಬದಲು, ಜೀವಿ ಬದಲಾದ ಹಾಗೆ ಬಣ್ಣ ಬದಲು. ಮಂಗಳ ಗ್ರಹದಲ್ಲಿ ಜೀವ ಇದ್ದಿದ್ರೆ ಹೇಗಿರ್ತಿತ್ತು ಅಂತ ಹುಡುಕೋ ವಿಜ್ಞಾನಿಗಳು 2016ರಲ್ಲಿ ಲಡಾಖಿಗೆ ಬಂದಾಗ ಪುಗಾವನ್ನೂ ನೋಡ್ಕೊಂಡು ಹೋಗಿದ್ದು ಇದಕ್ಕೇ. ಅಂಥ ಜಾಗದಲ್ಲಿ ನನ್ನ ಬೂಟಿನ ಗುರುತು ಬೀಳೋದು ಒಂದು ಸ್ವಲ್ಪದರಲ್ಲಿ ತಪ್ಪಿತು.

ಭಾವ ಅಡುಗೆಮನೆ ಥರ್ಮಾಮೀಟರ್ ತಂದಿದ್ರು, ಉದ್ದ ಕೋಲಿಗೆ ಕಟ್ಟಿ ಇಳಿಬಿಟ್ಟರೆ 83. ಅಂದ್ರೆ ಅಲ್ಲಿನ ಲೆಕ್ಕಕ್ಕೆ ಹೆಚ್ಚುಕಮ್ಮಿ ಕುದಿಯೋ ನೀರು. ಅಕ್ಕ ಕರ್ಚೀಫಲ್ಲಿ ಮೂರು ಮೊಟ್ಟೆ ಕಟ್ಟಿ ಬಿಟ್ಲು, ಇಪ್ಪತ್ತು ನಿಮಿಷಕ್ಕೆ ಗಟ್ಟಿಯಾಗಿ ಬೆಂದ್ವು, ಮೊಟ್ಟೆಗೆ 100 ಡಿಗ್ರಿ ಬೇಕಿಲ್ಲವಲ್ಲ, ಅಕ್ಕಿಗಷ್ಟೇ ಗರ್ವ. ಸಿಪ್ಪೆ ಜೇಬಿಗೆ ಹಾಕ್ಕೊಂಡ್ವಿ. ಅಷ್ಟು ಹೊತ್ತಿಗೆ ಅಕ್ಕನ ಬೆಳ್ಳಿ ಉಂಗುರ ಹೊಳಪು ಕಳ್ಕೊಂಡು ಕಪ್ಪಾಗ್ತಾ ಬಂದಿತ್ತು, ಗಂಧಕದ ಗ್ಯಾಸಿನ ಕೆಲಸ. "ಇದು ನಮ್ಮ ಮದುವೇದು ರೀ" ಅಂದ್ಲು. ಭಾವ ಮಾತಾಡ್ಲಿಲ್ಲ.

ಈ ನೀರು ಯಾಕೆ ಬಿಸಿ ಅಂತ ಅಲ್ಲಿ ಕೂತಾಗ ಭಾವ ಪಾಠ ಮಾಡಿದ್ರು, ಅದನ್ನ ನಾನು ಚಿಕ್ಕದು ಮಾಡಿ ಹೇಳ್ತೀನಿ. ಸುತ್ತಮುತ್ತ ಜ್ವಾಲಾಮುಖಿ ಇಲ್ಲ. ಭಾರತದ ಭೂಫಲಕ ಉತ್ತರದ ಏಷ್ಯಾಕ್ಕೆ ಗುದ್ದಿದ ಹೊಲಿಗೆ ಇರೋದೇ ಈ ಸಿಂಧೂ ಕಣಿವೆ ಗುಂಟ, ಅಲ್ಲಿ ಹೊರಪದರ ದಪ್ಪ, ಮುರಿದು ಬಿರುಕು ಬಿಟ್ಟಿದೆ, ಆಳದಲ್ಲಿ ಕಲ್ಲು ಇನ್ನೂ ಬಿಸಿ. ಬೆಟ್ಟದ ಮೇಲೆ ಕರಗಿದ ಹಿಮದ ನೀರು ಬಿರುಕಲ್ಲಿ ಇಳಿದು, ಆ ಕಲ್ಲಿಗೆ ತಾಗಿ ಕಾದು, ಇನ್ನೊಂದು ಬಿರುಕಲ್ಲಿ ಮೇಲೆ ಬರುತ್ತೆ. 1970ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಇಲ್ಲಿ ಬೋರು ಕೊರೆದು ನೋಡಿದ್ರು, ಅತಿ ಆಳದ್ದು 385 ಮೀಟರ್ ಹತ್ರ. 2021ರಲ್ಲಿ ಓಎನ್‌ಜಿಸಿ ಇಲ್ಲಿ 1 ಮೆಗಾವಾಟಿನ ಪ್ರಾಯೋಗಿಕ ವಿದ್ಯುತ್ ಘಟಕಕ್ಕೆ ಲಡಾಖ್ ಆಡಳಿತದ ಜೊತೆ ಒಪ್ಪಂದ ಮಾಡ್ಕೊಳ್ತು. ನನಗೆ ಹೊಟ್ಟೆ ಉರಿದಿದ್ದು ಇನ್ನೊಂದಕ್ಕೆ, ಬೋರು ಕೊರೆದ ಆ ಕಾಲದಲ್ಲೇ ಇದೇ ಬಿಸಿನೀರನ್ನ ಪೈಪಲ್ಲಿ ಓಡಿಸಿ ಒಂದು ಗುಡಿಸಲನ್ನ ಬೆಚ್ಚಗಿಡೋ ಪ್ರಯೋಗ ಮಾಡಿದ್ರಂತೆ. ಆ ಗುಡಿಸಲು ಎಲ್ಲಿ ಅಂತ ನಾನು ಎರಡು ಸಲ ಕೇಳಿದೆ.

ಅಕ್ಕನ ಸ್ನಾನಕ್ಕೆ ಬರ್ತೀನಿ. ಬುಗ್ಗೇಲಿ ಇಳಿಯೋ ಮಾತೇ ಇಲ್ಲ, 60 ಡಿಗ್ರಿ ನೀರೇ ಐದು ಸೆಕೆಂಡಲ್ಲಿ ಚರ್ಮವನ್ನ ಆಳಕ್ಕೆ ಸುಡುತ್ತೆ. ಬಿಸಿ ಕಾಲುವೆ ತಣ್ಣನೆ ಹಳ್ಳಕ್ಕೆ ಸೇರೋ ಕಡೆ ಕಲ್ಲು ಜೋಡಿಸಿ ಯಾರೋ ಒಂದು ಚಿಕ್ಕ ಗುಂಡಿ ಮಾಡಿದ್ರು, ಅಲ್ಲಿ ಥರ್ಮಾಮೀಟರ್ 39 ತೋರಿಸ್ತು, ಒಂದು ಮೊಳ ಈಚೆ 51. ಹೀಗೆ ಪಟ್ಟೆ ಪಟ್ಟೆಯಾಗಿ ಬಿಸಿ ಇರೋ ನೀರಲ್ಲಿ ಕಣ್ಣಳತೆ ನಂಬೋದು ಬೇಡ, ಗಾಳಿ ತಿರುಗಿ ನೀರು ಆಕಡೆ ಈಕಡೆ ಆದ್ರೂ ಬಿಸಿ ಬದಲಾಗುತ್ತೆ. ಆಳ ಮೊಣಕಾಲವರೆಗೂ ಇಲ್ಲ. ಅಕ್ಕ ಪ್ಯಾಂಟ್ ಮಡಚಿ ಕಾಲು ಇಳಿಬಿಟ್ಟು ಕೂತ್ಲು, ನಾವೂ ಕೂತ್ವಿ. ಮುಖಕ್ಕೆ ಎರಚ್ಕೋಬೇಡ ಅಂತ ನಾನೇ ಹೇಳಿದ್ದು, ಬೆಚ್ಚನೆ ಸಿಹಿನೀರಲ್ಲಿ ಬದುಕೋ ಒಂದು ಅಮೀಬಾ ಇದೆ, ತೀರಾ ಅಪರೂಪ, ಆದ್ರೆ ಮೂಗಿನೊಳಗೆ ಹೋದ್ರೆ ನೇರ ಮೆದುಳಿಗೆ, ಹಾಗಾಗಿ ಎಂಥ ಬಿಸಿನೀರಿನ ಬುಗ್ಗೇಲೂ ತಲೆ ಮುಳುಗಿಸಬಾರದು. ಹತ್ತು ನಿಮಿಷ ಸ್ವರ್ಗ. ಆಮೇಲೆ ಎದ್ದ ತಕ್ಷಣ ನನಗೆ ಕಣ್ಣು ಕತ್ತಲೆ, ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತೆ, ಆ ಎತ್ತರದಲ್ಲಿ ಇನ್ನೂ ಜಾಸ್ತಿ. ಬರೀ ಕಾಲಿಟ್ಟಿದ್ದಕ್ಕೇ ಹೀಗೆ, ಕುತ್ತಿಗೆವರೆಗೂ ಮುಳುಗಿದ್ರೆ ಏನು ಕಥೆ. ಮಧ್ಯಾಹ್ನ ಆಗ್ತಿದ್ದ ಹಾಗೆ ಗಾಳಿ ಶುರುವಾಗಿ, ಒದ್ದೆ ಕಾಲು ಸೆಟೆದು ಮರದ ತುಂಡು. ಸ್ವಿಮ್ಮಿಂಗ್ ಡ್ರೆಸ್ಸಿನ ಅಧ್ಯಾಯ ಅಲ್ಲಿಗೆ ಮುಗೀತು.

ದಿನವಿಡೀ ಮಾಡೋಕೆ ಏನೂ ಇಲ್ಲದ ಜಾಗ ಅದು, ಅದೇ ಅದರ ರುಚಿ ಕೂಡ. ಜೌಗಿನಾಚೆ ಕಪ್ಪು ಕತ್ತಿನ ಕೊಕ್ಕರೆ ಜೋಡಿ ಒಂದು ಹೆಜ್ಜೆ ಎಣಿಸ್ಕೊಂಡು ನಡೀತಿತ್ತು, ಎದೆಮಟ್ಟಕ್ಕೆ ಬರೋ ಹಕ್ಕಿ, ಲಡಾಖಿನ ರಾಜ್ಯಪಕ್ಷಿ, ನಾವು ಕೂತಲ್ಲಿಂದಲೇ ನೋಡಿದ್ವಿ. ಬೆಟ್ಟದ ಬುಡದಲ್ಲಿ ಕಂದು ಕುದುರೆ ಅಂತ ನಾನು ಅಂದಿದ್ದು ಕಿಯಾಂಗ್, ಕಾಡುಕತ್ತೆ. ಆಮಾ-ಲೇ ಬಂದು ನಮ್ಮ ಅರೆಬೆಂದ ಅನ್ನ ನೋಡಿ ನಕ್ಕು ನಕ್ಕು ಸುಸ್ತಾಗಿ, ತಮ್ಮ ಕುಕ್ಕರ್ ತಂದು ಕೊಟ್ರು. ಕುಕ್ಕರ್! ಇಡೀ ಕಣಿವೇಲಿ ನಾನು ನೋಡಿದ ಅತಿ ಸುಂದರ ವಸ್ತು. ಮೂರು ವಿಷಲ್ಲಿಗೆ ಅನ್ನ ಅನ್ನ ಆಯ್ತು.

ನೀರಿನ ವಿಷಯ ಮರೆತಿದ್ದೆ. ಒಂದು ಕ್ಯಾನು ಕೈಜಾರಿ ಉರುಳಿ ಅರ್ಧ ಖಾಲಿ ಆಯ್ತು. ನಕ್ಕಿದ್ದ ನನಗೆ ಶಾಸ್ತಿ. ಬುಗ್ಗೆ ನೀರು ಫಿಲ್ಟರ್ ಮಾಡಿ ಕುಡಿಯೋಣ ಅಂದ್ರೆ ಆಗಲ್ಲ, ಕುದಿಸೋದು, ಸೋಸೋದು ಕ್ರಿಮಿಗಷ್ಟೇ, ಕರಗಿರೋ ಬೋರಾನು ಗಂಧಕ ಎಲ್ಲಾ ಹಾಗೇ ಇರುತ್ತೆ, ಕುದಿಸಿದಷ್ಟೂ ಇನ್ನೂ ಗಾಢ. ಹಾಗಾಗಿ ಎರಡನೇ ದಿನ ಲೆಕ್ಕ ಹಾಕಿ ಕುಡಿದ್ವಿ, ಪಾತ್ರೆ ಒರೆಸಿಟ್ವಿ, ಸೋಪು ಅನ್ನೋದನ್ನ ಹೊರಗೇ ತೆಗೀಲಿಲ್ಲ.

ಎರಡನೇ ರಾತ್ರಿಗೆ ಭಾವನ ಮುಖದಲ್ಲಿ ಮತ್ತೆ ಐಡಿಯಾ. ಈ ಸಲ ಅದು ಸರಿಯಾಗಿತ್ತು ಅಂತ ಒಪ್ಕೊಳ್ಳೋಕೆ ನನಗೆ ಇವತ್ತಿಗೂ ಕಷ್ಟ. ಟೆಂಟನ್ನ ಬಿಸಿ ಹತ್ರ ಒಯ್ಯೋಕಾಗಲ್ಲ, ಬಿಸಿಯನ್ನ ಟೆಂಟಿಗೆ ತರಬಹುದಲ್ಲ. ಕತ್ತಲಾಗೋ ಮುಂಚೆ ಅಚೋ ಜೊತೆ ಹೋಗಿ, ಗಟ್ಟಿ ನೆಲ ಇರೋ ಕಡೆಯ ಬುಗ್ಗೆಯಿಂದ, ಕೋಲಿಗೆ ಕಟ್ಟಿದ ಮಗ್ಗಲ್ಲಿ ಮೊಗೆದು ಮೊಗೆದು ಮೂರು ಸ್ಟೀಲ್ ಬಾಟ್ಲಿಗೆ ತುಂಬಿಸ್ಕೊಂಡು ಬಂದ್ರು. ಮುಚ್ಚಳ ಬಿಗಿ ಮಾಡಿ, ಒಂದೊಂದಕ್ಕೂ ಎರಡೆರಡು ಉಣ್ಣೆ ಕಾಲುಚೀಲ ತೊಡಿಸಿ, ಸ್ಲೀಪಿಂಗ್ ಬ್ಯಾಗಿನ ಒಳಗೆ ಪಾದದ ಹತ್ರ. ಕೆಳಗೆ ಖಾಲಿ ಬ್ಯಾಗು, ರಟ್ಟು, ಕಾರಿನ ಮ್ಯಾಟು, ಅಕ್ಕನ ಆ ದೊಡ್ಡ ಟವೆಲ್ಲು, ಸಿಕ್ಕಿದ್ದೆಲ್ಲಾ ಹಾಸಿದ್ವಿ. ಟೆಂಟ್ ತುಂಬಾ ಕೊಳೆತ ಮೊಟ್ಟೆ ವಾಸನೆ, ಆದ್ರೆ ಕಾಲ ಬೆರಳು ಬೆಚ್ಚಗಿತ್ತು, ಕಾಲ ಬೆರಳು ಬೆಚ್ಚಗಿದ್ರೆ ಮನುಷ್ಯ ಎಂಥ ವಾಸನೆಗೂ ಒಗ್ಗಿಕೊಳ್ತಾನೆ. ಮಧ್ಯರಾತ್ರಿ ಎದ್ದು ಹೊರಗೆ ಹೋಗ್ಬೇಕಾಯ್ತು, ನಾಲ್ಕನೇ ಗೋಡೆ ಇಲ್ಲದ ಕಕ್ಕಸಿನಿಂದ ಆಕಾಶಗಂಗೆ ಈ ಬೆಟ್ಟದಿಂದ ಆ ಬೆಟ್ಟದವರೆಗೂ ಕಾಣ್ತಿತ್ತು, ಅದರ ಕೆಳಗೆ ಬಿಳಿ ಹಬೆ ಮೆಲ್ಲಗೆ ಎದ್ದು ಚೆದುರಿ ಹೋಗ್ತಿತ್ತು. ಬಾಗಿಲು ಹಾಕಿಸೋದು ಬೇಡ ಅಂತ ಅಚೋಗೆ ಹೇಳ್ಬೇಕು ಅಂದ್ಕೊಂಡೆ.

ಬೆಳಿಗ್ಗೆ ಹೊರಗಿಟ್ಟಿದ್ದ ಕ್ಯಾನಿನ ನೀರು ಮೇಲೆ ಒಂದು ಬೆರಳು ದಪ್ಪ ಮಂಜುಗಡ್ಡೆ. ಸ್ಲೀಪಿಂಗ್ ಬ್ಯಾಗೊಳಗಿನ ಬಾಟ್ಲಿ ಇನ್ನೂ ಉಗುರುಬೆಚ್ಚಗೆ. ಭಾವ ಎಲ್ಲರಿಗಿಂತ ಮುಂಚೆ ಎದ್ದು, ನಮಗೆಲ್ಲಾ ಹಾಸಿಗೆ ಮೇಲೇ ಟೀ ಕೊಡ್ಬೇಕು ಅನ್ನೋ ಒಳ್ಳೇ ಮನಸ್ಸಲ್ಲಿ, ಗಡ್ಡೆ ಒಡೆಯೋದ್ಯಾಕೆ ಅಂತಲೋ ನಿದ್ದೆಗಣ್ಣಲ್ಲೋ, ಕಾಲುಚೀಲ ಬಿಚ್ಚಿ ಬಾಟ್ಲಿ ನೀರನ್ನೇ ಪಾತ್ರೆಗೆ ಸುರಿದಿದ್ರು. ಶುಂಠಿ ಜಾಸ್ತಿ ಹಾಕಿದ್ದಕ್ಕೆ ವಾಸನೆ ಮೊದಲು ಗೊತ್ತಾಗ್ಲಿಲ್ಲ. ಮೊದಲ ಗುಟುಕು ಕುಡಿದಿದ್ದು ಅಕ್ಕ. ಕುಡಿದು, ನುಂಗದೆ, ಕೆನ್ನೆ ಉಬ್ಬಿಸ್ಕೊಂಡು ಹಾಗೇ ಭಾವನ್ನ ನೋಡಿದ್ಲು, ಟೆಂಟಿನ ಜಿಪ್ ಹುಡುಕ್ತಾ.

"ಏನೇ, ಸಕ್ಕರೆ ಕಮ್ಮಿ ಆಯ್ತಾ?" ಅಂದ್ರು ಭಾವ.